ಮೈದಾ ಇಲ್ಲದ ತಿಂಡಿ

ಆಗಸ್ಟ್ 7, ಸೋಮವಾರ. ಸೂಸ್

ಇಂದು ಪಾರ್ಕಿನ ಗೇಟಿನಲ್ಲಿ ಒಬ್ಬ ಮನುಷ್ಯ ನನ್ನ ತಮ್ಮನ ಊಟವನ್ನು ಕಸದ ಡಬ್ಬಿಗೆ ಸುರಿದ. ಇದು ಅನ್ಯಾಯ. ಇದಕ್ಕೆ ಬೇರೆ ಹೆಸರಿಲ್ಲ.

ಲುಕ್ಮಾನನಿಗೆ ಎಂಟು ವರ್ಷ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಅವನ ಕರುಳನ್ನು ಸುಡುತ್ತದೆ. ಇದು ಗೊತ್ತಾಗುವ ಹೊತ್ತಿಗೆ ಅವನು ಮೂಳೆ ಚರ್ಮವಾಗಿದ್ದ, ತಟ್ಟೆ ಕಂಡರೆ ಅಳುತ್ತಿದ್ದ. ಎರಡು ವರ್ಷ ಯಮ್ಮಾ ಅಕ್ಕಿಹಿಟ್ಟು, ಜೋಳದ ಹಿಟ್ಟು ಎಂದು ಒದ್ದಾಡಿ ಅವನು ಮತ್ತೆ ಊಟಕ್ಕೆ ಕೈ ಚಾಚುವಂತೆ ಮಾಡಿದಳು. ಇಪ್ಪತ್ತು ಕಿಲೋ ಮುಟ್ಟಿದ ದಿನ ಟ್ಯುನೀಶಿಯಾದ ದೊಡ್ಡ ಆಟದ ಪಾರ್ಕಿಗೆ ಕರೆದುಕೊಂಡು ಹೋಗುತ್ತೇನೆಂದು ಅಪ್ಪ, ನಮ್ಮ ಬಾಬಾ, ಮಾತು ಕೊಟ್ಟಿದ್ದರು. ಜುಲೈ ಕೊನೆಗೆ ಮುಟ್ಟಿದ. ಉಕ್ಕಿನ ಕಾರ್ಖಾನೆಗೆ ರಜೆ ಹಾಕಿ ಬಾಬಾ ನಮ್ಮೂರು ಅನ್ನಾಬಾದಿಂದ ಕಾರು ಓಡಿಸಿ ಗಡಿ ದಾಟಿಸಿದರು. ಇಲ್ಲಿ ಸಮುದ್ರದಂಡೆಯ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಪಾರ್ಕಿಗೆ ಮೂರು ದಿನದ ಟಿಕೆಟ್.

ಗೇಟಿನ ಕಾವಲಿನವನು ನಮ್ಮ ಚೀಲ ತೆರೆದ.

"ಹೊರಗಿನ ತಿಂಡಿ ಬಿಡಲ್ಲ. ಒಳಗೆ ಎಲ್ಲಾ ಸಿಗುತ್ತೆ."

"ಅಯ್ಯೋ ಮಗನೇ, ಹುಡುಗನಿಗೆ ಹುಷಾರಿಲ್ಲ" ಎಂದಳು ಯಮ್ಮಾ. "ಗೋಧಿ ತಿನ್ನೋ ಹಾಗಿಲ್ಲ ಇವ್ನು. ಮೈದಾ ಆಗಲ್ಲ, ರವೆ ಆಗಲ್ಲ, ಬಾರ್ಲಿ ಆಗಲ್ಲ, ಬ್ರೆಡ್ ಪುಡಿ ಬಿದ್ದಿದ್ರೂ ಆಗಲ್ಲ, ಅದೇ ಎಣ್ಣೇಲಿ ಕರಿದದ್ದು, ಅದೇ ಚಾಕೂಲಿ ಹೆಚ್ಚಿದ್ದು..."

"ಖಾಲ್ತಿ, ನೀವು ಹೇಳಿ ಮುಗ್ಸೋಷ್ಟರಲ್ಲಿ ಪಾರ್ಕ್ ಮುಚ್ಚತ್ತೆ."

ಹಿಂದಿನ ಸಾಲಿನವರು ನಕ್ಕರು. ಬಾಯಲ್ಲಿ ಖಾಲ್ತಿ, ಚಿಕ್ಕಮ್ಮ ಎಂಬ ಮರ್ಯಾದೆ; ಕೈಯಲ್ಲಿ ನಮ್ಮ ಚೀಲ. ಅವನು ಚೀಲದಿಂದ ನಮ್ಮ ಗೋಧಿ ಬ್ರೆಡ್ಡನ್ನು ತೆಗೆದು ತುಟಿಗೆ ಮುಟ್ಟಿಸಿ, ಕಾಲಿಗೆ ಸಿಗದ ಹಾಗೆ ಗೋಡೆಯ ಮೇಲಿಟ್ಟ. ಬ್ರೆಡ್ಡನ್ನು ಎಸೆಯುವುದು ಪಾಪವಲ್ಲವೇ! ಆಮೇಲೆ ಲುಕ್ಮಾನನ ಅಕ್ಕಿರೊಟ್ಟಿಯ ಡಬ್ಬಿಯನ್ನು ತೆರೆದು ಕಸಕ್ಕೆ ಬಗ್ಗಿಸಿದ. ಅಕ್ಕಿಯದ್ದು ಅವನ ಕಣ್ಣಿಗೆ ಬ್ರೆಡ್ಡೇ ಅಲ್ಲ.

ಯಮ್ಮಾ ತಲೆ ತಗ್ಗಿಸಿ ಒಳಗೆ ನಡೆದಳು. ನನಗೆ ಮೈ ಉರಿದುಹೋಯಿತು. ಈ ತಗ್ಗಿದ ತಲೆಗಳಿಂದಲೇ ಅವರ ಗೇಟುಗಳು ನಿಂತಿವೆ.

ಒಳಗೆ ಪಿಜ್ಜಾ, ಕ್ರೇಪು, ಎಣ್ಣೆಯಲ್ಲಿ ಕರಿದ ಬೊಂಬಾಲೂನಿ, ಫ್ರಿಕಾಸೆ, ಎಲ್ಲಾ ಗೋಧಿ ಹಿಟ್ಟಿನವೇ. ಆಲೂಗಡ್ಡೆಯನ್ನು ಕರಿಯುವುದೂ ಹಿಟ್ಟು ಕರಿದ ಅದೇ ಬಾಣಲೆಯಲ್ಲಿ. ಲುಕ್ಮಾನನಿಗೆ ಸಂಜೆಯವರೆಗೆ ಬರೀ ಕಲ್ಲಂಗಡಿ ಹಣ್ಣು, ನೀರು. "ನಂಗೆ ಹಸಿವಿಲ್ಲ ರುಮಾ" ಅಂದ. ರುಮೈಸಾ ಎಂಬ ನನ್ನ ಹೆಸರನ್ನು ಅವನೊಬ್ಬನೇ ಹೀಗೆ ಕತ್ತರಿಸುವುದು. ಸುಳ್ಳು ಹೇಳುವಾಗ ಅವನು ಕಿವಿ ಹಿಡಿದುಕೊಳ್ಳುತ್ತಾನೆ. ಹಿಡಿದುಕೊಂಡಿದ್ದ.

ಆಗಸ್ಟ್ 8, ಮಂಗಳವಾರ

ಯಮ್ಮಾ ಇಂದು ಅಕ್ಕಿರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ನಿಲುವಂಗಿಯೊಳಗೆ, ಹೊಟ್ಟೆಗೆ ಕಟ್ಟಿಕೊಂಡು ಒಳಗೆ ತಂದಳು. ಕಾವಲಿನವನು "ದೇವರು ಸುಖವಾಗಿ ಹೆರಿಗೆ ಮಾಡಿಸಲಿ ಖಾಲ್ತಿ" ಅಂದ. ಬಾಬಾ ಕೆಮ್ಮುತ್ತ ಆಕಡೆ ತಿರುಗಿದರು. ಲುಕ್ಮಾನ್ ಶೌಚಾಲಯದ ಹಿಂದಿನ ಗೋಡೆಗೆ ಒರಗಿ ತಿಂದ. ಪೂರ್ತಿ ತಿಂದ.

ನಾನು ಯಮ್ಮಾಗೆ ಹೇಳಿದೆ, ಹಕ್ಕನ್ನು ಕದ್ದು ತಿನ್ನಿಸುವುದು ಅವಮಾನ ಎಂದು. ಅವಳು "ಹೊಟ್ಟೆ ತುಂಬಿತಲ್ಲ" ಅಂದಳು. ಅಷ್ಟೇ ಅವಳ ರಾಜಕೀಯ.

ಮಧ್ಯಾಹ್ನ ಮನೆಗೆ ಬಂದು ನಾನು ಕರಪತ್ರ ಬರೆದೆ.

"ಮಕ್ಕಳ ಹಸಿವಿಗೆ ಗೇಟು ಬೇಡ! ಮೈದಾ ಇಲ್ಲದ ತಿಂಡಿ ನಮ್ಮ ಹಕ್ಕು!"

ಯಮ್ಮಾ ನನ್ನ ಭುಜದ ಮೇಲಿಂದ ಓದಿ, "ರವೆ ಅಂತಾನೂ ಹಾಕು. ಬಾರ್ಲಿ ಹಾಕು. ಎಣ್ಣೆ ವಿಷಯ ಹಾಕು" ಅಂದಳು.

"ಯಮ್ಮಾ, ಇದು ಘೋಷಣೆ. ಕಿರಾಣಿ ಚೀಟಿ ಅಲ್ಲ."

ಒಂದೇ ಉಸಿರಿಗೆ ಕೂಗಲು ಬಾರದ ಘೋಷಣೆ ಸತ್ತ ಘೋಷಣೆ. ನಾನು ಓದಿದ ಹೋರಾಟದ ಕರಪತ್ರಗಳಲ್ಲಿ ಒಂದರಲ್ಲೂ ಎಣ್ಣೆ ಬಾಣಲೆಯ ಮಾತಿಲ್ಲ. ಬೀದಿಯ ಕೊನೆಯ ಅಂಗಡಿಯಲ್ಲಿ ನಕಲು ತೆಗೆಸಿದೆ. ಬಾಬಾ "ದಾರಿ ಬಿಡಿ, ಮಂತ್ರಿಗಳು ಬಂದ್ರು" ಎಂದು ಬಾಗಿಲು ತೆರೆದು ನಿಂತರು. ನಗಲಿ.

ಸಂಜೆ ಮತ್ತೆ ಪಾರ್ಕಿಗೆ ಹೋದಾಗ ಒಂದೊಂದು ಅಂಗಡಿಗೂ ಹೋಗಿ ಕೊಟ್ಟೆ. ಬೊಂಬಾಲೂನಿಯವನು ನನ್ನ ಕಣ್ಣೆದುರೇ ಅದರಲ್ಲಿ ಬೊಂಬಾಲೂನಿ ಸುತ್ತಿ ಗಿರಾಕಿಗೆ ಕೊಟ್ಟ. ಹಿಂದಿನ ದೊಡ್ಡ ಅಡುಗೆಮನೆಯ ಹೆಂಗಸೊಬ್ಬಳು ಮಾತ್ರ, ದಪ್ಪನೆಯ, ಚಿನ್ನದ ಹಲ್ಲಿನ ಹೆಂಗಸು, ಬೆರಳಿಟ್ಟು ಓದಿದಳು. ಹೆಸರು ಹೆದಿಯಾ ಅಂತೆ, ಊರು ಕೈರುವಾನ್ ಅಂತೆ.

"ಯಾರಿಗೆ ಇದು?"

"ನಮ್ಮ ದೇಶ, ನಿಮ್ಮ ದೇಶ, ಎಲ್ಲಾ ಕಡೆಯ ಸಾವಿರಾರು ಮಕ್ಕಳಿಗೆ!"

"ಸಾವಿರಾರು ಜನಕ್ಕೆ ಮಾಡೋ ಪಾತ್ರೆ ಇಲ್ಲ ನನ್ಹತ್ರ. ಪಕ್ಕದಲ್ಲಿ ನಿಂತಿರೋ ಈ ಕಡ್ಡಿ ಯಾರು? ಏನೋ ರಾಜ, ನಿಂಗೇನಾ ಮೈದಾ ಆಗದಿರೋದು?"

ಲುಕ್ಮಾನ್ ತಲೆಯಾಡಿಸಿದ. ಅವಳು ಕರಪತ್ರವನ್ನು ಮಡಚಿ ಏಪ್ರನ್ ಜೇಬಿಗೆ ಹಾಕಿಕೊಂಡಳು.

ಆಗಸ್ಟ್ 9, ಬುಧವಾರ

ಗೆಲುವು! ಮೊದಲ ಗೆಲುವು!

ಹನ್ನೊಂದರ ಹೊತ್ತಿಗೆ ಹೆದಿಯಾ ಖಾಲ್ತಿ ತಟ್ಟೆ ಹಿಡಿದು ನಾವು ಕೂತಲ್ಲಿಗೇ ಬಂದಳು. ಖರ್ಜೂರದ ಉಂಡೆ, ಮೇಲೆ ಎಳ್ಳು, ಕಿತ್ತಳೆ ಹೂವಿನ ವಾಸನೆ. ಬೆಳಿಗ್ಗೆ ಬೇಗ ಬಂದು, ತೊಳೆದ ಪಾತ್ರೆಯಲ್ಲಿ, ಹುಡುಗನಿಗೆಂದೇ ಬೇರೆಯಾಗಿ ಮಾಡಿದ್ದಂತೆ. ಒಂದು ಕಾಗದ ಇಷ್ಟು ಮಾಡಿತು! ಆಡಳಿತ ಬಗ್ಗದಿದ್ದರೇನು, ದುಡಿಯುವ ಕೈ ಓದಿ ಅರ್ಥ ಮಾಡಿಕೊಂಡಿತು.

"ಮೈದಾ ಇಲ್ವಲ್ಲ?" ಎಂದೆ.

"ಅಲ್ಲಾಹನಾಣೆ, ಒಂದು ಚಿಟಿಕೆ ಇಲ್ಲ" ಎಂದಳು, ಲುಕ್ಮಾನನ ತಲೆ ಸವರುತ್ತ.

ಯಮ್ಮಾ ಶುರು ಮಾಡಿದಳು: "ನಿನ್ನ ಕೈಗೆ ಪುಣ್ಯ ಬರಲಿ ತಾಯಿ. ಆದ್ರೆ ಏನೇನು ಹಾಕಿದೀಯ ಅಂತ ಸ್ವಲ್ಪ..."

ಹೆದಿಯಾ ಖಾಲ್ತಿಯ ಮುಖ ಮುದುಡಿತು. ದೇವರ ಆಣೆ ಹಾಕಿದವಳನ್ನು ಮತ್ತೆ ಕೆದಕುವುದೇ! ನಮ್ಮ ಬೀದಿಯಲ್ಲಾದರೆ ಅಷ್ಟಕ್ಕೇ ಎರಡು ಮನೆಗಳ ಮಾತು ನಿಂತುಹೋಗುತ್ತದೆ. "ಯಮ್ಮಾ, ಸಾಕು, ಅವಮಾನ ಮಾಡ್ಬೇಡ" ಎಂದೆ. ಯಮ್ಮಾ ಬಾಯಿ ಮುಚ್ಚಿದಳು.

ಲುಕ್ಮಾನ್ ಉಂಡೆಯನ್ನು ನೋಡಿದ, ನನ್ನ ಮುಖ ನೋಡಿದ. ಮೊದಲನೆಯದನ್ನು ನಾನೇ ಅವನ ಬಾಯಿಗಿಟ್ಟೆ. ನಾಲ್ಕು ತಿಂದ. ಹೊರಗಿನ ಅಂಗಡಿಯ ತಿಂಡಿಯನ್ನು ಎಲ್ಲರೆದುರು ಬೆಂಚಿನ ಮೇಲೆ ಕೂತು ಅವನು ತಿಂದದ್ದು ಎರಡು ವರ್ಷದಲ್ಲಿ ಇದೇ ಮೊದಲು. ಬೆರಳು ನೆಕ್ಕಿ "ನಾಳೆನೂ ಮಾಡ್ತೀಯಾ?" ಎಂದು ಅವಳನ್ನೇ ಕೇಳಿದ. ಆಮೇಲೆ ತೂಗಾಡುವ ಹಡಗಿನ ತುದಿಯಲ್ಲಿ ಕೂತು ಎರಡೂ ಕೈ ಮೇಲೆತ್ತಿ ಕಿರುಚಿದ.

ಎಲ್ಲ ಪಾರ್ಕುಗಳಲ್ಲೂ ಹೀಗೇ ಆಗಬೇಕು. ಅನ್ನಾಬಾಕ್ಕೆ ಹೋದ ಮೇಲೆ ಇನ್ನೊಂದು ಕರಪತ್ರ ಬರೆಯಬೇಕು, ದೊಡ್ಡದು.

ಆಗಸ್ಟ್ 10, ಗುರುವಾರ

ಆಸ್ಪತ್ರೆ. ನಿನ್ನೆ ಸಂಜೆಯಿಂದ ವಾಂತಿ, ಭೇದಿ. ಮೊದಲು ಬಿಸಿಲು ಅಂದುಕೊಂಡೆವು. ಬೆಳಗಾಗುವ ಹೊತ್ತಿಗೆ ಕಣ್ಣು ಒಳಗೆ ಹೋಗಿತ್ತು. ನರ ಸಿಗದೆ ಮೂರು ಕಡೆ ಸೂಜಿ ಚುಚ್ಚಿದರು. ಅವನು ಅಳಲಿಲ್ಲ.

ಆಗಸ್ಟ್ 11, ಶುಕ್ರವಾರ

ಗೋಧಿಯೇ, ಎಂದರು ಡಾಕ್ಟರು. ಅವರು ಚಿಕ್ಕ ವಯಸ್ಸಿನ ಹೆಂಗಸು, ಮಾತು ಕಡಿಮೆ. "ಚೆನ್ನಾಗೇ ಸೇರಿದೆ ಹೊಟ್ಟೆಗೆ. ಮೊದಲೇ ಸೊರಗಿದ ಮಗು." ತೂಕ ಹದಿನೆಂಟಕ್ಕೆ ಇಳಿದಿದೆ. ಇನ್ನೂ ಇಳಿದರೆ ಮೂಗಿನಿಂದ ಹೊಟ್ಟೆಗೆ ಕೊಳವೆ ಇಡಬೇಕಂತೆ.

ಅಂದರೆ ಆ ಹೆಂಗಸು ಸುಳ್ಳು ಹೇಳಿದಳು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದಳು. ಕಾಯಿಲೆಯ ಮಗುವಿನ ತಲೆ ಸವರುತ್ತ ಸುಳ್ಳು ಹೇಳಿದಳು.

ಹೊರಗಿನ ಬೆಂಚಿನ ಮೇಲೆ ಕೂತು ಪಾರ್ಕಿನ ಆಡಳಿತಕ್ಕೆ ದೂರು ಬರೆದೆ. ಎಲ್ಲ ಬರೆದೆ: ಗೇಟು, ಕಸದ ಡಬ್ಬಿ, ಉಂಡೆ, ಆಣೆ. ನಿಮ್ಮ ಅಡುಗೆಮನೆ ನನ್ನ ತಮ್ಮನಿಗೆ ವಿಷವಿಕ್ಕಿತು ಎಂದು ಬರೆದು ಕಳಿಸಿದೆ.

ಮಧ್ಯಾಹ್ನವೇ ಪಾರ್ಕಿನ ನಿರ್ದೇಶಕ ಬಂದ. ಇಸ್ತ್ರಿ ಮಾಡಿದ ಅಂಗಿ, ಸುಗಂಧ. ಮಗುವಿಗೆಂದು ರಿಬ್ಬನ್ ಕಟ್ಟಿದ ಡಬ್ಬಿ ತಂದಿದ್ದ. ಬಿಚ್ಚಿದರೆ ಬಕ್ಲಾವಾ, ಪದರ ಪದರವೂ ಗೋಧಿ ಹಿಟ್ಟು. ಬಾಬಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಎಲ್ಲಿಡಲಿ ಎಂದು ತಿಳಿಯದೆ ನಿಂತರು.

"ಕ್ರಮ ತಗೋತೀವಿ ತಂಗಿ. ತಪ್ಪು ಮಾಡಿದವರನ್ನ ಬಿಡೋ ಮಾತೇ ಇಲ್ಲ."

ಗೇಟಿನ ನಿಯಮ ತೆಗೆಯುತ್ತೀರಾ ಎಂದು ಕೇಳಿದೆ. ಅವನು ಗಡಿಯಾರ ನೋಡಿಕೊಂಡ. ಶುಕ್ರವಾರದ ನಮಾಜಿಗೆ ಹೊತ್ತಾಯಿತಂತೆ.

ಆಗಸ್ಟ್ 14, ಸೋಮವಾರ

ನಿನ್ನೆ ಮನೆಗೆ ಕಳಿಸಿದರು. ಶನಿವಾರ ಮತ್ತೆ ತೂಕ ನೋಡುತ್ತಾರೆ. ಅಲ್ಲಿಯವರೆಗೂ ಗಡಿ ದಾಟುವ ಪ್ರಯಾಣ ಬೇಡ ಎಂದರು. ಬಾಬಾ ಮನೆಯೊಡತಿಯನ್ನು ಕೇಳಿ ಉಳಿಯುವ ದಿನ ಹೆಚ್ಚಿಸಿಕೊಂಡರು, ಕಾರ್ಖಾನೆಗೆ ಫೋನ್ ಮಾಡಿದರು.

ಲುಕ್ಮಾನ್ ತಿನ್ನುತ್ತಿಲ್ಲ.

ಯಮ್ಮಾ ಅಕ್ಕಿಗಂಜಿ ಮಾಡಿದಳು. ಅವನು ತುಟಿ ಬಿಗಿದುಕೊಂಡ. "ನಾನೇ ಮಾಡಿದ್ದು ಕಣೋ, ಬರೀ ಅಕ್ಕಿ, ಬರೀ ಉಪ್ಪು." "ಆ ಖಾಲ್ತಿನೂ ಹಾಗೇ ಅಂದ್ಲು." ಯಮ್ಮಾ ತಾನೇ ಒಂದು ಚಮಚ ಕುಡಿದು ತೋರಿಸಿದಳು. "ನಿಂಗೇನೂ ಆಗಲ್ಲ, ನೀನು ಎಲ್ಲಾ ತಿಂತೀಯ" ಅಂದ. ಎರಡು ವರ್ಷ ಅವನಿಗೆ ಉಣಿಸಿದ ಕೈ ಅದು. ಅವಳು ಬಟ್ಟಲನ್ನು ಒಳಗೆ ತೆಗೆದುಕೊಂಡು ಹೋದಳು. ನಲ್ಲಿಯ ಸದ್ದು ಬಹಳ ಹೊತ್ತು ಕೇಳಿಸುತ್ತಿತ್ತು.

ನಾನು ಬಾಳೆಹಣ್ಣು ಸುಲಿದು ಹಿಡಿದೆ. ತಿಂದ. ಚಿಕ್ಕ ಚಿಕ್ಕದಾಗಿ ಕಚ್ಚಿ, ನನ್ನನ್ನೇ ನೋಡುತ್ತ.

"ರುಮಾ ಕೊಟ್ರೆ ತಿಂತೀನಿ. ರುಮಾ ನನಗೋಸ್ಕರ ಜಗಳ ಆಡಿದ್ಲು. ಎಲ್ಲಾರೂ ಸುಳ್ಳು ಹೇಳ್ತಾರೆ ಅಲ್ವಾ ರುಮಾ?"

"ಹೌದು ಪುಟ್ಟ, ಜನ ಹಾಗೇ" ಎಂದೆ.

ಸಂಜೆ ಪಾರ್ಕಿನಿಂದ ಫೋನ್. ತಪ್ಪಿತಸ್ಥರನ್ನು ಕೆಲಸದಿಂದ ತೆಗೆದಿದ್ದಾರೆ. ಗೆದ್ದೆವು ಎಂದು ಬಾಬಾಗೆ ಹೇಳಿದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ಯಾರನ್ನ ತೆಗೆದ್ರಂತೆ?"

"ಅಡುಗೆಯವಳನ್ನ."

"ಗೇಟಿನ ನಿಯಮ?"

"ಅದರ ಬಗ್ಗೆ ಏನೂ ಹೇಳ್ಲಿಲ್ಲ."

ಬಾಬಾ ಈ ಸಲ ಮಂತ್ರಿ ಅನ್ನಲಿಲ್ಲ, ಲೋಟ ಎತ್ತಿಕೊಂಡು ಒಳಗೆ ಹೋದರು.

ಆಗಸ್ಟ್ 15, ಮಂಗಳವಾರ

ಏಕೆ ಸುಳ್ಳು ಹೇಳಿದೆ ಎಂದು ಅವಳ ಬಾಯಿಂದಲೇ ಕೇಳಬೇಕಿತ್ತು. ಬೊಂಬಾಲೂನಿಯವನು ವಿಳಾಸ ಹೇಳಿದ. ಹಳೆಯ ಪೇಟೆಯ ಗೋಡೆಗೆ ಅಂಟಿದ ಮನೆ, ನೀಲಿ ಬಾಗಿಲು. ಅವಳು ಅಂಗಳದಲ್ಲಿ ಮೆಣಸಿನಕಾಯಿ ಪೋಣಿಸುತ್ತ ಕೂತಿದ್ದಳು.

"ಹುಡುಗ ಹೇಗಿದಾನೆ?"

"ತಿಂತಾ ಇಲ್ಲ."

ಅವಳು ಸೂಜಿ ಕೆಳಗಿಟ್ಟಳು. "ಸರಿ, ಈಗ ಯಾಕೆ ಬಂದೆ? ಕೆಲಸ ತೆಗೆಸಿದ್ದಾಯ್ತು, ಮನೆ ಬಾಗ್ಲು ಕಳಚಿಸ್ಬೇಕಾ?" ಎಂದಳು.

"ದೇವರ ಆಣೆ ಹಾಕಿ ಸುಳ್ಳು ಹೇಳಿದ್ರಿ."

"ನಾಲಿಗೆ ಬಿಗಿ ಹಿಡಿ, ಹುಡುಗಿ! ಸುಳ್ಳಾಣೆ ಹಾಕೋ ಮನೆ ಅಲ್ಲ ಇದು. ಖರ್ಜೂರ ಹಾಕಿದೆ, ಎಳ್ಳು ಹಾಕಿದೆ, ತುಪ್ಪ, ಹೂವಿನ ನೀರು. ಬಿಸಿಲಿಗೆ ಉಂಡೆ ಕುಸಿಯತ್ತೆ ಅಂತ ಎರಡು ಹಿಡಿ ಹುರಿದ ರವೆ ಹಾಕಿದೆ. ಮೈದಾ ಎಲ್ಲಿ ಬಂತು ಅದ್ರಲ್ಲಿ?"

"ರವೆ?"

"ರವೇನೇ. ಒಳ್ಳೇ ರವೆ, ನನ್ನ ಮನೇದು. ಉಂಡೆಗೆ ಮೈದಾ ಹಾಕೋರು ಕಳ್ಳರು."

"ರವೆ ಗೋಧಿದೇ ಅಲ್ವಾ ಖಾಲ್ತಿ!"

"ಗೋಧಿದೇ. ಜಗತ್ತಿಗೇ ಗೊತ್ತು. ಗೋಧಿ ಆಗಲ್ಲ ಅಂತ ನೀನು ಎಲ್ಲಿ ಬರೆದಿದೀಯ, ತೋರ್ಸು." ಅವಳು ಒಳಗಿನಿಂದ ಏಪ್ರನ್ ತಂದು ಜೇಬಿನಿಂದ ಕರಪತ್ರ ತೆಗೆದು ನನ್ನ ಮಡಿಲಿಗೆ ಹಾಕಿದಳು. "ಸಕ್ಕರೆ ಕಾಯಿಲೆ ಬಂದ್ರೆ ಮೈದಾ ಬಿಡು ಅಂತಾರೆ. ಹೊಟ್ಟೆ ಕಟ್ಟಿದ್ರೆ ಮೈದಾ ಬಿಡು ಅಂತಾರೆ. ನಾನೂ ಬಿಟ್ಟಿದೀನಿ, ರವೆ ತಿಂದ್ಕೊಂಡು ಚೆನ್ನಾಗೇ ಇದೀನಿ. ಇವನೂ ಹಾಗೇ ಅಂದ್ಕೊಂಡೆ. ನಿಮ್ಮಮ್ಮ ಕೇಳಕ್ಕೆ ಬಂದ್ಲು, ಅವಳ ಬಾಯಿ ಮುಚ್ಚಿಸ್ದೋರು ಯಾರು?"

ನಮ್ಮ ಮನೆಯಲ್ಲೂ ಎರಡಕ್ಕೆ ಎರಡು ಡಬ್ಬಿ. ಮೈದಾದ ಡಬ್ಬಿ ತಾ ಎಂದರೆ ಯಾರೂ ರವೆಯ ಡಬ್ಬಿ ತರುವುದಿಲ್ಲ.

ಎಲ್ಲ ಕೆಡುಕಿಗೂ ಆ ನಿರ್ದೇಶಕನೇ ಮೂಲ, ಆ ಗೇಟೇ ಮೂಲ, ಎಂದು ನಾನು ಶುರು ಮಾಡಿದೆ.

"ಇರ್ಬಹುದು. ಬೈಯೋದಾದ್ರೆ ನಾನೂ ಜೊತೆಗೆ ಬೈತೀನಿ. ಆದ್ರೆ ಮುಂದಿನ ಸೋಮವಾರ ಅವನು ನನ್ನ ಜಾಗಕ್ಕೆ ಬೇರೆಯವಳನ್ನ ತಗೋತಾನೆ. ಅದಕ್ಕೂ ಮುಂಚೆ ಬಂದು, ಈ ಕಾಗದ ಅವನ ಮುಂದೆ ಇಟ್ಟು, ಏನು ಬರೆದಿದ್ದೆ ಅಂತ ಹೇಳು. ನನಗೆ ಬೇಕಾಗಿರೋದು ಅಷ್ಟೇ."

ನಾನು ಕರಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಎದ್ದೆ. ಹೊರಡುವಾಗ ಅವಳು ಮತ್ತೆ ಕೇಳಿದಳು, "ನೀರಾದ್ರೂ ಕುಡೀತಾನಾ?"

ಆಗಸ್ಟ್ 16, ಬುಧವಾರ

ಬೆಳಿಗ್ಗೆ ಅರ್ಧ ಬಾಳೆಹಣ್ಣು. ಮಧ್ಯಾಹ್ನ ಐದು ದ್ರಾಕ್ಷಿ, ಅವನೆದುರೇ ತೊಳೆದು. ನನ್ನ ಕೈಯಿಂದ.

ಯಮ್ಮಾಗೆ ಹೇಳಿದೆ, ರವೆ ಎಂದು. ಅವಳು ಬೈಯುತ್ತಾಳೆ ಎಂದುಕೊಂಡಿದ್ದೆ. ಗೋಡೆ ಹಿಡಿದು ಮೆಲ್ಲಗೆ ಕೂತಳು.

"ಅವನಿಗೆ ಹೇಳು."

"ಹೇಳಿದ್ರೆ ನನ್ನ ಕೈಯಿಂದಾನೂ ತಿನ್ನಲ್ಲ ಯಮ್ಮಾ. ಶನಿವಾರ ತೂಕ ಇದೆ. ಮೂಗಿಗೆ ಕೊಳವೆ ಹಾಕ್ತಾರೆ."

"ಗೊತ್ತು."

"ತೂಕ ಆದ್ಮೇಲೆ ಹೇಳ್ತೀನಿ. ಊರಿಗೆ ಹೋದ್ಮೇಲೆ."

"ಎಲ್ಲಾರೂ ಸುಳ್ಳರು ಅಂದ್ಕೊಂಡೋನು ನಾಳೆ ಶಾಲೇಲಿ ಎಲ್ಲಿ ಊಟ ಮಾಡ್ತಾನೆ? ನಿನ್ನನ್ನ ಮದುವೆ ಮಾಡಿ ಕಳಿಸಿದ್ಮೇಲೆ ಯಾರ ಕೈ ನೋಡ್ತಾನೆ? ಆ ಹೆಂಗ್ಸು ಅವನಿಗೋಸ್ಕರ ಎದ್ದು ಬಂದು ಮಾಡಿದ್ಲು. ಅದಾದ್ರೂ ಅವನಿಗೆ ಗೊತ್ತಿರ್ಲಿ."

ನಾನು ಊರಿನಿಂದ ತಂದಿದ್ದ ಹೋರಾಟದ ಕರಪತ್ರಗಳನ್ನೆಲ್ಲ ಹಾಸಿಗೆಯ ಮೇಲೆ ಹರಡಿ ನೋಡಿದೆ. ಹಸಿದವರ ಬಗ್ಗೆ ಬೇಕಾದಷ್ಟಿದೆ. ಊಟ ಕಂಡರೆ ಹೆದರುವವನ ಬಗ್ಗೆ ಒಂದು ಸಾಲಿಲ್ಲ.

ಆಗಸ್ಟ್ 17, ಗುರುವಾರ

ಹೇಳಿದೆ.

ಅವನು ಕಿಟಕಿಯ ಬಳಿ ಕೂತು ಬೀದಿಯ ಬೆಕ್ಕನ್ನು ನೋಡುತ್ತಿದ್ದ. ನಾನು ನೆಲದ ಮೇಲೆ ಕೂತೆ.

"ಆ ಖಾಲ್ತಿ ಸುಳ್ಳು ಹೇಳ್ಲಿಲ್ಲ ಲುಕ್ಮಾನ್. ಮೈದಾ ಹಾಕ್ಬೇಡಿ ಅಂತ ನಾನು ಬರ್ದಿದ್ದೆ. ಅವಳು ಹಾಕ್ಲಿಲ್ಲ. ರವೆ ಹಾಕಿದ್ಲು. ರವೆ ಅಂತ ನಾನು ಬರೀಲಿಲ್ಲ."

"ರವೆ ನಂಗಾಗಲ್ಲ ಅಂತ ನಿಂಗೆ ಗೊತ್ತಿತ್ತಲ್ಲ?"

"ಗೊತ್ತಿತ್ತು."

"ಮತ್ತೆ?"

"ಉದ್ದ ಆಗತ್ತೆ ಅಂತ ಬಿಟ್ಟೆ."

ಅವನು ಅದನ್ನು ಅರ್ಥ ಮಾಡಿಕೊಳ್ಳಲು ನೋಡಿದ. ಹುಬ್ಬು ಗಂಟಿಕ್ಕಿ, ಲೆಕ್ಕ ಬಿಡಿಸುವಾಗ ಕೂರುವ ಹಾಗೆ. "ಯಮ್ಮಾ ಕೇಳ್ತಾ ಇದ್ಲು. ನೀನು ಸಾಕು ಅಂದೆ" ಎಂದ.

"ಹೌದು."

ಬೆಕ್ಕು ಎದ್ದು ಹೋಯಿತು. ನನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ಅವನು ಒಂದು ಬೆರಳಿನಿಂದ ಮೆಲ್ಲಗೆ ಆಚೆ ತಳ್ಳಿದ.

ಆಗಸ್ಟ್ 18, ಶುಕ್ರವಾರ

ತಿನ್ನಲಿಲ್ಲ. ಯಾರ ಕೈಯಿಂದಲೂ. ನೀರು ಕುಡಿದ.

ಆಗಸ್ಟ್ 19, ಶನಿವಾರ

ತೂಕ ಹದಿನೆಂಟಕ್ಕಿಂತ ಸ್ವಲ್ಪ ಕಡಿಮೆ. ಡಾಕ್ಟರು ಕೊಳವೆಯನ್ನು ಅವನಿಗೇ ತೋರಿಸಿ, ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ಬೆರಳಿನಿಂದ ಗೆರೆ ಎಳೆದು ಹೇಳಿದರು. ಮಂಗಳವಾರದವರೆಗೆ ನೋಡುತ್ತಾರಂತೆ. ಬಾಬಾ ಹೊರಗೆ ಹೋಗಿ ಕಾರಿನ ಚಕ್ರಗಳನ್ನು ಒಂದೊಂದಾಗಿ ಒದ್ದು ನೋಡಿದರು. ಗಾಳಿ ಸರಿಯಾಗಿಯೇ ಇತ್ತು.

ಬರುವ ದಾರಿಯಲ್ಲಿ ಲುಕ್ಮಾನ್ ಹಿಂದಿನ ಸೀಟಿನಿಂದ ಕೇಳಿದ, "ಬಾಬಾ, ಮೊಟ್ಟೆ ಒಳಗೆ ಯಾರಾದ್ರೂ ಏನಾದ್ರೂ ಹಾಕಕ್ಕಾಗತ್ತಾ?"

"ಕೋಳಿ ಒಂದನ್ನ ಬಿಟ್ಟು ಯಾರಿಗೂ ಆಗಲ್ಲ."

"ಅಂಗಡಿ ಹತ್ರ ನಿಲ್ಸಿ."

ಅವನೇ ಇಳಿದು ಹೋಗಿ ಎರಡು ಆರಿಸಿದ. ಪಾತ್ರೆಯನ್ನು ಅವನೇ ಉಜ್ಜಿದ, ನೀರನ್ನು ಅವನೇ ಹಾಕಿದ. ಸ್ಟೂಲಿನ ಮೇಲೆ ನಿಂತು ಕುದಿಯುವವರೆಗೂ ಕಾದ. ನಮ್ಮಲ್ಲಿ ಯಾರೂ ಅಡುಗೆಮನೆಯ ಹೊಸಿಲು ದಾಟಲಿಲ್ಲ. ಯಮ್ಮಾ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಸಿಪ್ಪೆ ಬಿಡಿಸಲು ಅವನಿಗೆ ಬರುವುದಿಲ್ಲ. ಅರ್ಧ ಮೊಟ್ಟೆ ಸಿಪ್ಪೆಯ ಜೊತೆಗೇ ಕಿತ್ತುಬಂತು. ಉಳಿದದ್ದನ್ನು ಮೂಸಿ ನೋಡಿ ತಿಂದ. ಎರಡನೆಯದನ್ನು ಮುಟ್ಟಲಿಲ್ಲ.

ಅಷ್ಟು ಸಾಲದು. ಮಂಗಳವಾರಕ್ಕೆ ಅಷ್ಟು ಸಾಲುವುದಿಲ್ಲ ಎಂದು ನಮಗೆಲ್ಲರಿಗೂ ಗೊತ್ತು.

ಆಮೇಲೆ ಅವನು ನನ್ನ ಕಡೆ ನೋಡದೆ ನನ್ನೊಡನೆ ಮಾತಾಡಿದ, ಎರಡು ದಿನದಲ್ಲಿ ಮೊದಲ ಸಲ.

"ಆ ಖಾಲ್ತಿಗೆ ಈಗ ಕೆಲಸ ಇಲ್ವಂತೆ. ಬಾಬಾ ಹೇಳಿದ್ರು."

"ಇಲ್ಲ. ನಾನು ಹೋಗಿ ನಿರ್ದೇಶಕನ ಹತ್ರ ಹೇಳ್ತೀನಿ."

"ಅವಳು ಸುಳ್ಳು ಹೇಳಿದ್ಲು ಅಂತ ನಾನು ಎಲ್ಲಾರ ಹತ್ರಾನೂ ಅಂದೆ. ನರ್ಸ್ ಹತ್ರಾನೂ ಅಂದೆ."

"ಅದು ನಿನ್ನ ತಪ್ಪಲ್ಲ."

"ನಾನೂ ಬರ್ತೀನಿ" ಎಂದ. "ನಿನ್ನ ಜೊತೆ ಅಲ್ಲ. ಯಮ್ಮಾ ಜೊತೆ."

ಸಂಜೆ ಹಳೆಯ ಪೇಟೆಗೆ ಹೋಗಿ, ನಾವು ನಿರ್ದೇಶಕನ ಹತ್ತಿರ ಬರುತ್ತೇವೆಂದು ಹೆದಿಯಾ ಖಾಲ್ತಿಗೆ ಹೇಳಿ ಬಂದೆ. ಮುಂಭಾಗದ ಗೇಟಿಗೆ ಬರಬೇಡಿ, ಅಲ್ಲಿ ತನ್ನನ್ನು ಒಳಗೆ ಬಿಡುವುದಿಲ್ಲ ಎಂದಳು. ಹೊಸಬಳು ಒಂಬತ್ತಕ್ಕೆ ಬರುತ್ತಾಳಂತೆ, ನಿರ್ದೇಶಕ ಎಂಟೂವರೆಗೆ.

ನಾವು ಅವಳನ್ನು ಸೇರುವುದು ಸೋಮವಾರ, 21ನೇ ತಾರೀಖು, ಬೆಳಿಗ್ಗೆ ಎಂಟು ಗಂಟೆ, ಅಡುಗೆಯವರು ಒಳಹೋಗುವ ಹಿಂದಿನ ಬಾಗಿಲು.